ಸಕ್ಕರೆ ಕಾಗೆ

ದೀಪಾವಳಿಗೆ ಮನೆ ಬಳಿಯುವ ಹೊತ್ತಿಗೆ ಶಿರಾಳಕೊಪ್ಪದ ಮಲ್ಲಿಕಾರ್ಜುನಪ್ಪನವರ ಮನೆಯ ಅಟ್ಟದಿಂದ ಎರಡು ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಒಂದು ಮನೆಯ ಯಜಮಾನಿ ನಿರ್ಮಲಮ್ಮನವರದು, ಇನ್ನೊಂದು ಹಿರಿಮಗ ಚನ್ನೇಶನದು. ಮೊದಲು ಧೂಳು ಏಳುತ್ತದೆ, ಹಿಂದೆಯೇ ಜಗಳ ಏಳುತ್ತದೆ. ಗಂಗಾಶ್ರೀ ಹಿರಿಸೊಸೆಯಾಗಿ ಈ ಮನೆಗೆ ಬಂದ ಮೇಲೆ ಒಂದು ವರ್ಷವೂ ಇದು ತಪ್ಪಿಲ್ಲ.

ನಿರ್ಮಲಮ್ಮನವರ ಪೆಟ್ಟಿಗೆಯಲ್ಲಿರುವುದು ಸಕ್ಕರೆ ಆರತಿಯ ಅಚ್ಚುಗಳು. ಸಾಗುವಾನಿ ಮರದವು, ಅವರ ಅತ್ತೆಯ ಕಾಲದವು. ಆನೆ, ಕುದುರೆ, ತುಳಸಿಕಟ್ಟೆ, ಗಿಳಿ, ನವಿಲು, ಜೊತೆಗೊಂದು ಮೋಟಾರು ಬಸ್ಸು. ಗೌರಿ ಹುಣ್ಣಿಮೆ ಬಂತೆಂದರೆ ಈ ಸೀಮೆಯಲ್ಲಿ ಸಕ್ಕರೆ ಪಾಕ ಕಾಯಿಸಿ, ಅಚ್ಚಿಗೆ ಹೊಯ್ದು, ಬೆಳ್ಳನೆಯ ಗೊಂಬೆ ತೆಗೆದು, ಅದನ್ನು ತಟ್ಟೆಯಲ್ಲಿಟ್ಟು ಹೆಣ್ಣುಮಕ್ಕಳು ಗೌರಿಗೆ ಬೆಳಗುತ್ತಾರೆ. ಈಗೀಗ ಎಲ್ಲರೂ ಸಂತೆಯಲ್ಲಿ ಕೊಂಡು ತರುತ್ತಾರೆ. ನಿರ್ಮಲಮ್ಮ ಮಾತ್ರ "ಪ್ಯಾಟಿ ಗೊಂಬೆಗೆ ಮುಖಾನೇ ಇರಲ್ಲ" ಎಂದು ಮೂಗು ಮುರಿದು, ಮಂಡಿನೋವು ಇದ್ದರೂ ಒಲೆಯ ಮುಂದೆ ನಿಲ್ಲುತ್ತಾರೆ.

ಚನ್ನೇಶನದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ, ಮೀಸೆಯಲ್ಲಿ ನರೆ ಇಣುಕುತ್ತಿರುವ ಈ ಗಂಡಸು ಆ ಡಬ್ಬಿ ತೆರೆದನೆಂದರೆ ಅರ್ಧಗಂಟೆ ಯಾರ ಕೈಗೂ ಸಿಗುವುದಿಲ್ಲ. ಒಳಗಿರುವುದೆಲ್ಲ ಟುಂಕು. ಕೆಂಪು ಬೂಟು ಹಾಕಿದ, ಡೊಳ್ಳುಹೊಟ್ಟೆಯ ಘೇಂಡಾಮೃಗದ ಮರಿ ಅದು. ಅವನು ಹುಡುಗನಾಗಿದ್ದಾಗ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಬರುತ್ತಿದ್ದ ಕಾರ್ಟೂನು. ಮಾತು ಹಿಂದಿ, ಕೇರಿಯ ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಅರ್ಥವಾಗಬೇಕಾದ್ದೂ ಇರಲಿಲ್ಲ, ಏಕೆಂದರೆ ಟುಂಕು ಮಾತೇ ಆಡುತ್ತಿರಲಿಲ್ಲ. ನೆಲಕ್ಕೆ ಬೂಟು ಕುಟ್ಟಿ ಹಾರುತ್ತಿದ್ದ, ಕಿರೀಟ ಹೊತ್ತ ಕಾಳಕ ಎಂಬ ದುಷ್ಟ ಕಾಗೆಯನ್ನು ಓಡಿಸುತ್ತಿದ್ದ, ಅಷ್ಟೇ. ಬಿಸ್ಕತ್ತಿನ ಹಾಳೆಗಳನ್ನು ಕೂಡಿಟ್ಟು ಕೊಟ್ಟರೆ ಟುಂಕುವಿನದೋ ಕಾಗೆಯದೋ ಒಂದೊಂದು ಗೊಂಬೆ ಸಿಗುತ್ತಿತ್ತಂತೆ. ಅದಕ್ಕಾಗಿ ಚನ್ನೇಶ ಊಟ ಬಿಟ್ಟು ಬಿಸ್ಕತ್ತು ತಿಂದಿದ್ದನ್ನು ನಿರ್ಮಲಮ್ಮ ಇಂದಿಗೂ ಎತ್ತಿ ಆಡುತ್ತಾರೆ.

ಬೇರೆ ವರ್ಷವಾಗಿದ್ದರೆ ಗಂಗಾಶ್ರೀ ಎರಡೂ ಪೆಟ್ಟಿಗೆಗಳ ನಡುವೆ ನಕ್ಕುಕೊಂಡು ಕಸ ಗುಡಿಸುತ್ತಿದ್ದಳು. ಈ ವರ್ಷ ಹಾಗಿರಲಿಲ್ಲ. ಮೈದುನ ಮಹಾಂತೇಶನಿಗೆ ಸೊರಬದ ದಾನೇಶ್ವರಿಯೊಂದಿಗೆ ನಿಶ್ಚಿತಾರ್ಥವಾಗಿತ್ತು. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಗೌರಿ ಹುಣ್ಣಿಮೆಗೆ ಸೀರೆ, ಬಳೆ, ಹೂವಿನ ಜೊತೆ ಸಕ್ಕರೆ ಆರತಿ ಹೋಗಬೇಕು. ದಾನೇಶ್ವರಿ ಬೇರೆ ಯಾರೂ ಅಲ್ಲ, ಗಂಗಾಶ್ರೀಯ ಸೋದರಮಾವ ಚಂದ್ರಶೇಖರಪ್ಪನವರ ಮಗಳು. ತಾಯಿಯಿಲ್ಲದ ಗಂಗಾಶ್ರೀ ಬೆಳೆದದ್ದು ಆ ಮನೆಯಲ್ಲೇ, ಅಜ್ಜಿ ಹೂವಮ್ಮನ ಮಡಿಲಲ್ಲಿ. ತವರು ಅಂತ ಅವಳಿಗಿರುವುದು ಆ ಒಂದು ಬಾಗಿಲು. ಸಂಬಂಧ ಕೂಡಿಸಿದ್ದೂ ಅವಳೇ. ನಿಶ್ಚಿತಾರ್ಥದ ದಿನ ಹೂವಮ್ಮ ಎಲ್ಲರ ಎದುರು, "ನಿನ್ ಮುಖ ನೋಡ್ಕೊಂಡು ಹುಡುಗಿ ಕೊಡ್ತಿರೋದು ಕಣೇ. ನಾಳೆ ಏನಾದ್ರೂ ಆದ್ರೆ ನಾನು ಕೇಳೋದು ನಿನ್ನನ್ನೇ" ಎಂದಿದ್ದಳು.

ಹಾಗಾಗಿ ಆ ತಟ್ಟೆ ಸುಸೂತ್ರವಾಗಿ ಸೊರಬ ಮುಟ್ಟುವವರೆಗೆ ಗಂಗಾಶ್ರೀಗೆ ಉಂಡ ಅನ್ನ ಮೈಗೆ ಹತ್ತುವಂತಿರಲಿಲ್ಲ.

ಮೊದಲ ಕಿಡಿ ಹತ್ತಿದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿಗೆ. ಮಗಳು ಶರಣ್ಯ ರೊಟ್ಟಿಯ ತಟ್ಟೆಯ ಪಕ್ಕ ಫೋನು ನಿಲ್ಲಿಸಿಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಎರಡನೇ ಕ್ಲಾಸಿನ ಹುಡುಗಿ, ತುತ್ತು ಕೈಯಲ್ಲೇ ಒಣಗುತ್ತಿತ್ತು.

"ಏನದು?" ಎಂದ ಚನ್ನೇಶ.

"ಟುಂಕು, ಅಪ್ಪಾಜಿ. ಹೊಸಾದು. ಕನ್ನಡದಾಗೇ ಬರ್ತತಿ."

ಚನ್ನೇಶನ ಮುಖ ಅರಳಿತು. ಬಗ್ಗಿ ನೋಡಿದ. ಅರಳಿದ ಮುಖ ಹಾಗೆಯೇ ಮುದುಡಿತು. ಹೊಸ ಟುಂಕುವಿಗೆ ಹೊಟ್ಟೆ ಇರಲಿಲ್ಲ. ಬೂಟಿನ ಬದಲು ಗಾಲಿ ಇದ್ದ ಶೂ ಇತ್ತು. ಅಲ್ಲದೆ ಬಾಯಿಗೆ ಬಿಡುವಿಲ್ಲದೆ ಬೆಂಗಳೂರಿನವರ ಹಾಗೆ ಮಾತಾಡುತ್ತಿತ್ತು.

"ಇದು ಟುಂಕು ಅಲ್ಲ. ಟುಂಕು ಮಾತಾಡಲ್ಲ."

"ಮಾತಾಡ್ತತಿ ಅಪ್ಪಾಜಿ. ನೋಡ್ರಿ, ಕಾಗೆ ಜೊತಿಗೆ ಮಾತಾಡಾಕತ್ತೈತಿ. ಅವರಿಬ್ರೂ ಫ್ರೆಂಡ್ಸ್."

"ಕಾಗೆ ಜೊತಿಗೆ? ಕಾಳಕ ಅದು! ಅದರ ಜೊತಿಗೆ ಎಂಥಾ ಫ್ರೆಂಡು? ಮೊದಲಿಂದ ಕೊನೀತನಕ ಕೆಟ್ಟದ್ದು ಅದು."

"ಮೊದ್ಲು ಕೆಟ್ಟದ್ದಿತ್ತು. ಈಗ ಒಳ್ಳೇದಾಗೈತಿ."

"ಯಾರು ಹೇಳಿದ್ದು ಒಳ್ಳೇದಾಗೈತಿ ಅಂತ?" ಎಂದು ಚನ್ನೇಶ ಫೋನನ್ನು ಕಿತ್ತು ಬೋರಲು ಹಾಕಿದ. ಶರಣ್ಯ ರೊಟ್ಟಿಯನ್ನು ತಟ್ಟೆಗೆ ಎಸೆದಳು.

ಮಲ್ಲಿಕಾರ್ಜುನಪ್ಪ ಮಜ್ಜಿಗೆಯ ಲೋಟದ ಮೇಲಿಂದ ನೋಡಿದರು. ಕಿರಾಣಿ ಅಂಗಡಿಯಲ್ಲಿ ದಿನಕ್ಕೆ ನೂರು ಜನರ ಮಾತು ಕೇಳುವ ಅವರು ಮನೆಯಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದೇ ಹೆಚ್ಚು. "ಚನ್ನಾ, ಕಾಗೆ ಒಳ್ಳೇದಾದ್ರೆ ನಿನಗೇನಪ್ಪ ಲುಕ್ಸಾನು? ನಿಮ್ಮವ್ವನೂ ಮೊದ್ಲಿಗಿಂತ ಈಗ ಒಳ್ಳೇಕಿ ಆಗ್ಯಾಳೆ."

"ನನ್ನ ಸುದ್ದಿ ಯಾಕೆ ಬಂತು ಇಲ್ಲಿ?" ಎಂದು ಅಡುಗೆಮನೆಯಿಂದ ನಿರ್ಮಲಮ್ಮ ಸೌಟು ಕುಕ್ಕಿದರು.

ಗಂಗಾಶ್ರೀ ನಗಲಿಲ್ಲ. ಮಗಳ ತಟ್ಟೆಯಲ್ಲಿದ್ದ ಪಲ್ಯವನ್ನು ಎತ್ತಿಟ್ಟಳು. ಅವಳಿಗೆ ಒಂದು ಹಳೆಯ ಸಂಗತಿ ನೆನಪಾಗಿತ್ತು. ಸೊರಬದಲ್ಲಿ ಪಕ್ಕದವರ ಕಿಟಕಿಯಿಂದ ಅವಳೂ ಆ ಕಾರ್ಟೂನನ್ನು ನೋಡಿದ್ದಳು. ಅವಳಿಗೆ ಇಷ್ಟವಾಗುತ್ತಿದ್ದದ್ದು ಟುಂಕು ಅಲ್ಲ, ಎಲ್ಲರೂ ಓಡಿಸುತ್ತಿದ್ದ ಆ ಕಾಗೆ. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನಿಗೆ ಇದನ್ನು ಅವಳು ಹೇಳಿರಲಿಲ್ಲ.

ಮಗಳನ್ನು ಹಳೆಯ ಟುಂಕುವಿನ ಪಕ್ಷಕ್ಕೆ ಎಳೆದುಕೊಳ್ಳುವ ಹಟ ಚನ್ನೇಶನಿಗೆ ಹಿಡಿಯಿತು. ದೀಪಾವಳಿ ಮುಗಿದ ವಾರ ಶಿಕಾರಿಪುರಕ್ಕೆ ಸಾಮಾನು ತರಲು ಹೋದವನು ಗಣಪತಿ ಮಾಡುವವರ ಹತ್ತಿರ ಪ್ಲಾಸ್ಟರ್ ಪುಡಿ ತಂದ. ತನ್ನ ಟುಂಕುವನ್ನು ಅದರಲ್ಲಿ ಒತ್ತಿ ಎರಡು ಹೋಳಿನ ಅಚ್ಚು ಮಾಡಿದ. ಕೆಲಸ ನಾಜೂಕಾಗಿತ್ತು, ಬೂಟಿನ ಲಾಡಿ ಕೂಡ ಮೂಡಿತ್ತು. ಅದನ್ನು ಅವ್ವನ ಮುಂದೆ ಹಿಡಿದ.

"ಈ ಸಲ ಇದಕ್ಕೂ ಒಂದೀಟು ಪಾಕ ಹಾಕವ್ವ. ಶರಣ್ಯಾಗೆ."

"ಆರತಿ ಅಚ್ಚಿನ ಸಾಲಿಗೆ ಈ ಹಂದಿ?"

"ಹಂದಿ ಅಲ್ಲವ್ವ, ಟುಂಕು."

"ಯಾವುದಾದ್ರೂ ಇರ್ಲಿ. ಗೌರಿಗೆ ಬೆಳಗೋದು ಇದು. ಶಾಸ್ತ್ರ ಅಂತ ಒಂದೈತಿ."

"ಹಂಗಾರೆ ಆ ಬಸ್ಸು ಯಾವ ಶಾಸ್ತ್ರದಾಗೈತಿ? ಗೌರಿ ಬಸ್ಸಿನಾಗೆ ಬಂದಿದ್ಲಾ?"

ಮಹಾಂತೇಶ ಕಿಸಕ್ಕೆಂದ. ನಿರ್ಮಲಮ್ಮನವರ ಮೂಗಿನ ಹೊಳ್ಳೆ ಅರಳಿತು. "ಅದು ನಮ್ಮತ್ತಿ ಮಾಡ್ಸಿದ್ದು. ಊರಿಗೆ ಹೊಸದಾಗಿ ಬಸ್ಸು ಬಂದ ಕಾಲಕ್ಕೆ ಬಡಗಿಗೆ ಹೇಳಿ ಮಾಡ್ಸಿದ್ದು. ಹಿರೇರು ಮಾಡಿದ್ದನ್ನ ಆಡ್ಕೋಬ್ಯಾಡ."

"ಅವರೂ ಹೊಸಾದು ಕಂಡು ಮಾಡ್ಸಿದ್ರು. ನಾನೂ ಅದನ್ನೇ ಮಾಡಾಕತ್ತೀನಿ."

"ಹೊಸಾ ಟುಂಕು ಕಂಡ್ರೆ ನಿನಗ ಆಗಲ್ಲ. ಹೊಸಾ ಅಚ್ಚು ಮಾತ್ರ ಆಗ್ಬೇಕು. ನಿನಗೊಂದು ನ್ಯಾಯ, ನನಗೊಂದು ನ್ಯಾಯ!"

ಗಂಗಾಶ್ರೀ ಮಧ್ಯೆ ಬಂದಳು. "ಅತ್ತಿ, ಮಗಿಗೆ ಅಂತ ಬ್ಯಾರೆ ತಟ್ಟೇಲಿ ಒಂದು ಮಾಡಾಣ್ರಿ. ಸೊರಬದ ತಟ್ಟಿಗೆ ನಿಮ್ಮ ಅಚ್ಚಿನವೇ ಹೋಗ್ಲಿ."

"ಬ್ಯಾರೆ ತಟ್ಟೇಲಿ," ಎಂದು ನಿರ್ಮಲಮ್ಮ ಬೆರಳೆತ್ತಿದರು. "ನೆನಪಿರ್ಲಿ. ತಟ್ಟೆ ಕಟ್ಟಾಕಿ ನೀನು."

ಶರಣ್ಯಳಿಗೆ ಮಾತ್ರ ಟುಂಕು ಅಚ್ಚು ಕಂಡು ಅಷ್ಟೇನೂ ಹಿಗ್ಗಾಗಲಿಲ್ಲ. "ಕಾಗೇನೂ ಮಾಡಿ ಕೊಡ್ರಿ ಅಪ್ಪಾಜಿ" ಎಂದಳು. ಚನ್ನೇಶ ಕಣ್ಣು ಬಿಟ್ಟ. ಅವಳು ಚಿಕ್ಕಪ್ಪನ ಕಡೆ ತಿರುಗಿದಳು. ಆ ಸಂಜೆ ಮಹಾಂತೇಶ ಮತ್ತು ಶರಣ್ಯ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕೂತು ಪಿಸುಗುಟ್ಟುತ್ತಿದ್ದುದನ್ನು ಗಂಗಾಶ್ರೀ ಕಂಡಳು. ಮದುವೆ ಗೊತ್ತಾದ ಹುಡುಗ ಮಗುವಿನ ಜೊತೆ ಆಡಿಕೊಂಡಿದ್ದಾನೆ ಎಂದುಕೊಂಡು ಸುಮ್ಮನಾದಳು.

ಹುಣ್ಣಿಮೆಯ ಹಿಂದಿನ ದಿನ ಪಾಕ. ಸಕ್ಕರೆಗೆ ಹಾಲು ಬಿಟ್ಟು ಕುದಿಸಿ, ಕೊಳೆ ತೆಗೆದು, ಸೋಸಿ, ಸ್ವಲ್ಪ ಸ್ವಲ್ಪವೇ ಬೋಗುಣಿಗೆ ತೆಗೆದುಕೊಂಡು ಬೆಳ್ಳಗಾಗುವವರೆಗೆ ಸೌಟಿನಿಂದ ತಿಕ್ಕಬೇಕು. ಕ್ಷಣ ತಡವಾದರೆ ಬೋಗುಣಿಯಲ್ಲೇ ಗಟ್ಟಿಯಾಗುತ್ತದೆ. ನೀರಲ್ಲಿ ನೆನೆಸಿ, ದಾರ ಸುತ್ತಿ, ಬಾಯಿ ಮೇಲೆ ಮಾಡಿ ನಿಲ್ಲಿಸಿದ ಅಚ್ಚುಗಳ ಸಾಲಿಗೆ ನಿರ್ಮಲಮ್ಮ ಸರಸರನೆ ಹೊಯ್ದುಕೊಂಡು ಹೋದರು. ಒದ್ದೆಯಾದ ಮರ ಯಾವುದು, ಪ್ಲಾಸ್ಟರು ಯಾವುದು ಎಂದು ನೋಡಲು ಅವರಿಗೆ ಪುರಸೊತ್ತಿರಲಿಲ್ಲ. ಹಬೆಯಿಂದ ಕಣ್ಣು ಉರಿಯುತ್ತಿತ್ತು. ಗಂಗಾಶ್ರೀ ಬಿಚ್ಚಿಬಿಚ್ಚಿ ಗೊಂಬೆಗಳನ್ನು ಬಿಳಿ ಪಂಚೆಯ ಮೇಲೆ ಸಾಲಾಗಿ ಇಡುವ ಹೊತ್ತಿಗೆ ಬೀದಿಯ ಹೆಂಗಸರು ಇಬ್ಬರು ಬಂದು, "ಏನ್ ಚಂದ ಬಂದಾವ್ರಿ!" ಎಂದು ಹೊಗಳಿ ಹೋದರು.

ಮರುದಿನ ಬೆಳಿಗ್ಗೆ ತಟ್ಟೆ ಕಟ್ಟಿದಳು. ಟುಂಕುವನ್ನು ನೆನಪಿಟ್ಟು ಬೇರೆ ಎತ್ತಿಟ್ಟಳು. ನಡುವೆ ತುಳಸಿಕಟ್ಟೆ, ಸುತ್ತ ಆನೆ ಕುದುರೆ, ಅಂಚಿಗೆ ಹಕ್ಕಿಗಳು. ಒಂದು ಗಿಳಿಗೆ ತಲೆಯ ಮೇಲೆ ಜುಟ್ಟು ಬಂದಿತ್ತು. ಗಿಳಿಯ ಅಚ್ಚು ಸವೆದಿರಬೇಕು ಎಂದುಕೊಂಡು ಅದನ್ನೂ ಚೆಂದ ಕಾಣುವಂತೆ ಮುಂದಕ್ಕೇ ಇಟ್ಟಳು. ಸಕ್ಕರೆಯಲ್ಲಿ ಎಲ್ಲ ಹಕ್ಕಿಯೂ ಬಿಳಿ.

ಮಲ್ಲಿಕಾರ್ಜುನಪ್ಪ ಪಕ್ಕದ ಮನೆಯ ಶೇಷಪ್ಪನ ಗಾಡಿಯಲ್ಲಿ ಸೊರಬಕ್ಕೆ ಹೋಗಿ, ತಟ್ಟೆ ಒಪ್ಪಿಸಿ, ಹೋಳಿಗೆ ಉಂಡು, ಬಾಯಿ ಕೆಂಪು ಮಾಡಿಕೊಂಡು ಬಂದರು. "ಭಾಳ ಖುಷಿ ಪಟ್ರು" ಎಂದರು. ಗಂಗಾಶ್ರೀಗೆ ವಾರದಿಂದ ಹಿಡಿದಿದ್ದ ಉಸಿರು ಬಿಟ್ಟಂತಾಯಿತು.

ಮರುದಿನ ಬೆಳಿಗ್ಗೆ ಎಲ್ಲರೂ ಉಪ್ಪಿಟ್ಟಿಗೆ ಕೂತಿದ್ದಾಗ ಚಂದ್ರಶೇಖರಪ್ಪನವರ ಫೋನು ಬಂತು. ಕಿವಿ ಮಂದವಾದ ಮಲ್ಲಿಕಾರ್ಜುನಪ್ಪ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಹೇಳ್ರಿ ಬೀಗರೇ!"

"ಬೀಗರು ಅನ್ನೋದನ್ನ ಸ್ವಲ್ಪ ನಿಧಾನ ಮಾಡಣ ರೀ."

ಉಪ್ಪಿಟ್ಟಿನ ಚಮಚಗಳು ನಿಂತವು.

"ನೀವು ಕಳ್ಸಿದ ಆರತಿ ತಟ್ಟೇಲಿ ಕಾಗೆ ಇತ್ತು."

"ಕಾಗೆನಾ? ಗಿಳಿ ಇರ್ಬೇಕು ನೋಡ್ರಿ."

"ನಾವೂ ಗಿಳಿ ಅಂತಲೇ ಗೌರಿ ಮುಂದೆ ಇಟ್ವಿ. ಆರತಿ ಹೊತ್ತಿಗೆ ಪಕ್ಕದ ಮನೆ ಮಕ್ಳು ಬಂದ್ವು. 'ಟುಂಕು ಕಾಗೆ, ಟುಂಕು ಕಾಗೆ' ಅಂತ ಚಪ್ಪಾಳೆ ಹೊಡೆದ್ವು ಮಾರಾಯ್ರೆ. ಫೋನಲ್ಲಿ ತೋರ್ಸಿದ್ವು, ಅದೇ ಕಿರೀಟ, ಅದೇ ಕೊಕ್ಕು. ಬೀದಿಯವರೆಲ್ಲ ಕೂಡಿದ್ರು. ಮದುಮಗಳ ಕೈಲಿ ಶನಿ ಹಿಡಿಸಿ ಬೆಳಗಿಸಿದ್ರಲ್ಲ, ಇದೆಂತ ಶಾಸ್ತ್ರ? ಅವ್ವ ನಿನ್ನೆಯಿಂದ ಊಟ ಮುಟ್ಟಿಲ್ಲ. ಲಗ್ನದ ಮಾತು ಸದ್ಯಕ್ಕೆ ಬೇಡ. ಗಂಗಾಗೆ ಹೇಳಿ, ಅವ್ವ ಕೇಳ್ತಿದ್ಲು ಅಂತ."

ಫೋನು ಕಟ್ಟಾಯಿತು. 'ಕೇಳ್ತಿದ್ಲು' ಎಂದರೆ ಏನೆಂದು ಗಂಗಾಶ್ರೀಗೆ ಚೆನ್ನಾಗಿ ಗೊತ್ತಿತ್ತು.

ಮಹಾಂತೇಶ ಎದ್ದು ನಿಂತ. "ಎಲ್ಲಾ ಇವನಿಂದ! ನಲವತ್ತು ವರ್ಷ ಆಗ್ತಾ ಬಂತು, ಗೊಂಬಿ ಜೊತಿಗೆ ಆಡ್ತಾನೆ. ಇವನ ಆಟಕ್ಕೆ ನನ್ನ ಮದುವಿ ಹೋಯ್ತು."

"ನಾನು ಕಾಗೆ ಮಾಡಿಲ್ಲ!" ಎಂದ ಚನ್ನೇಶ. ಅವನ ಕಣ್ಣು ಮಗಳ ಕಡೆ ಹೊರಳಿತು. "ಡಬ್ಬಿ ಮುಟ್ಟಿದ್ದು ನೀನಾ?"

ಶರಣ್ಯ ತಟ್ಟೆ ನೋಡುತ್ತಾ ತಲೆಯಾಡಿಸಿದಳು.

"ಬ್ಯಾಡ ಅಂದಿದ್ದೆನೋ ಇಲ್ಲೋ?" ಕೇಳಿದ್ದೂ ಹೊಡೆದದ್ದೂ ಒಟ್ಟಿಗೇ ಆಯಿತು. ಅಪ್ಪ ಹೊಡೆದದ್ದು ಅದೇ ಮೊದಲು. ಮಗು ಅಳಲಿಲ್ಲ, ಕೆನ್ನೆ ಹಿಡಿದುಕೊಂಡು ಅವನನ್ನೇ ನೋಡಿತು.

ಗಂಗಾಶ್ರೀ ಮಗಳನ್ನು ಸೆಳೆದುಕೊಂಡಳು. "ಮಗೂನ ಮ್ಯಾಲೆ ಯಾಕ್ ಕೈ ಮಾಡ್ತೀರಿ? ತಟ್ಟೆ ಕಟ್ಟಿದ್ದು ನಾನು. ಗಿಳಿ ಅಂತ ನಾನೇ ಇಟ್ಟೆ. ಹೊಡಿಯಾದಾದ್ರೆ ನನಗ ಹೊಡೀರಿ."

"ಪಾಕ ಹೊಯ್ದಾಕಿ ನಾನು," ಎಂದರು ನಿರ್ಮಲಮ್ಮ. ಅವರ ದನಿ ಇಳಿದಿತ್ತು. "ನನ್ನ ಅಚ್ಚಿನ ಸಾಲಿನಾಗೇ ಇತ್ತಲ್ಲ ಅದು."

"ಅಚ್ಚು ಯಾರು ಮಾಡಿದ್ದು ಹಂಗಾರೆ?" ಎಂದರು ಮಲ್ಲಿಕಾರ್ಜುನಪ್ಪ. ಈ ಸಲ ಅವರ ಮಾತಿನಲ್ಲಿ ಅಡ್ಡಗೋಡೆ ಇರಲಿಲ್ಲ. "ಎರಡನೇ ಕ್ಲಾಸಿನ ಹುಡುಗಿ ಪ್ಲಾಸ್ಟರು ಕಲಸಿದ್ಲಾ?"

ಶರಣ್ಯ ಚಿಕ್ಕಪ್ಪನ ಕಡೆ ನೋಡಿ ಕಣ್ಣು ತಗ್ಗಿಸಿದಳು. ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಮಹಾಂತೇಶನ ಮುಖವೇ ಹೇಳಿತು.

"ಪಾಪ, ಕೇಳ್ತು ಅಂತ..." ಎಂದು ಅವನು ತೊದಲಿದ. "ಸಾಲಿನಾಗೆ ಇಡ್ತಾಳೆ ಅಂತ ಯಾರಿಗೆ ಗೊತ್ತಿತ್ತು."

ಚನ್ನೇಶ ನಗುತ್ತಾನೋ ಕೂಗುತ್ತಾನೋ ತಿಳಿಯದ ಹಾಗೆ ನಿಂತಿದ್ದ. "ನಿನ್ನ ಕೈಯಾರೆ ಮಾಡಿ ನನಗ ಬೈತೀಯಾ?"

"ಡಬ್ಬಿ ಇರದಿದ್ರೆ ನಾನು ಎಲ್ಲಿಂದ ಮಾಡ್ತಿದ್ದೆ? ಆ ದರಿದ್ರ ಡಬ್ಬಿ ಮನಿಯಾಗೆ ಇರಾತನಕ ಇದೇ ಹಣೆಬರಹ!"

ಚನ್ನೇಶ ಒಳಗೆ ಹೋದ, ಡಬ್ಬಿ ತಂದ, ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಗಂಗಾಶ್ರೀ ಬಾಗಿಲಿಗೆ ಬರುವಷ್ಟರಲ್ಲಿ ತಿರುವು ದಾಟಿದ್ದ. ಮಧ್ಯಾಹ್ನ ಊಟಕ್ಕೆ ಬಂದವನನ್ನು, "ಎಲ್ಲಿ ಡಬ್ಬಿ?" ಎಂದು ಕೇಳಿದಳು. "ಗುಜರಿಗೆ ಹಾಕ್ದೆ" ಎಂದು ಕೈ ತೊಳೆದ. ವರ್ಷ ವರ್ಷವೂ ಆ ಡಬ್ಬಿ ಯಾವಾಗ ತೊಲಗೀತೋ ಎಂದು ಬೈದುಕೊಂಡವಳೇ ಅವಳು. ಆದರೂ ಸಂಜೆ ಅವನಿಗೆ ಹೇಳದೆ ಗುಜರಿಯವನ ಹತ್ತಿರ ಹೋಗಿ ವಿಚಾರಿಸಿದಳು. ಲಾರಿ ತುಂಬಿ ಹೋಗಿಯಾಗಿತ್ತು.

ಆಮೇಲಿನ ದಿನಗಳು ಕಷ್ಟದವು. ಒಬ್ಬರು ಉಂಡು ಎದ್ದ ಮೇಲೆ ಇನ್ನೊಬ್ಬರು ಉಣ್ಣಲು ಬರುತ್ತಿದ್ದರು. ಮಹಾಂತೇಶ ಶಿಕಾರಿಪುರದ ಗೆಳೆಯನ ರೂಮಿನಲ್ಲಿ ಉಳಿದು ಅಲ್ಲಿಂದಲೇ ಕೆಲಸಕ್ಕೆ ಹೋಗತೊಡಗಿದ. ದಾನೇಶ್ವರಿಯ ಫೋನನ್ನು ಅವರಪ್ಪ ಇಸಿದುಕೊಂಡಿದ್ದಾರೆಂದು ಸುದ್ದಿ ಬಂತು. ಶರಣ್ಯ ಅಪ್ಪನ ಜೊತೆ ಮಾತು ಬಿಟ್ಟಳು. ಚನ್ನೇಶ ಅಂಗಡಿಯಿಂದ ಚಾಕಲೇಟು ತಂದಿಟ್ಟರೆ ಅದು ಇಟ್ಟಲ್ಲೇ ಇರುತ್ತಿತ್ತು. ಒಂದು ದಿನ ಅವನೇ ಫೋನು ಕೊಟ್ಟು, "ಹೊಸಾ ಟುಂಕು ನೋಡ್ತೀಯೇನವ್ವ?" ಎಂದರೂ, "ಬ್ಯಾಡ" ಎಂದು ಅಜ್ಜಿಯ ಸೆರಗಿನ ಹಿಂದೆ ಹೋದಳು. ಗಂಗಾಶ್ರೀ ಸೊರಬಕ್ಕೆ ಹಚ್ಚಿದ ಕರೆಗಳನ್ನು ಯಾರೂ ಎತ್ತಲಿಲ್ಲ.

"ಇನ್ನೊಂದು ವಾರ ಬಿಟ್ರೆ ಅವರು ಬ್ಯಾರೆ ಕಡೆ ನೋಡ್ತಾರೆ," ಎಂದಳು ಅತ್ತೆಯ ಹತ್ತಿರ, ಕಾಳು ಹಸನು ಮಾಡುತ್ತಾ. "ನಾನು ಹೋಗಿ ಬರ್ತೀನ್ರಿ. ಬಾಗಿಲು ತೆಗೀದಿದ್ರೂ ಹೊರಗೇ ಕುಂತು ಬರ್ತೀನಿ."

ನಿರ್ಮಲಮ್ಮ ಮೊರ ಕೆಳಗಿಟ್ಟರು. "ನೀನೊಬ್ಬಾಕೆ ಯಾಕೆ ಹೋಗ್ತಿ? ಹೊಯ್ದದ್ದು ನನ್ನ ಕೈ."

"ಗಂಡಿನ ತಾಯಿ ಬಗ್ಗಿ ಹೋಗ್ಬಾರದು ಅಂತಾರಲ್ರಿ ಅತ್ತಿ."

"ಅಂದೋರು ಯಾರೂ ನಮ್ಮನಿ ರೊಟ್ಟಿ ಬಡಿಯಾಕೆ ಬರಲ್ಲ. ಮಗೂನೂ ಕರ್ಕ. ಮಾಡಿದ್ದು ಯಾಕೆ ಅಂತ ಅದೇ ಹೇಳ್ಲಿ."

ಮೂವರೂ ಬಸ್ಸಿನಲ್ಲಿ ಸೊರಬ ಸೇರಿದರು. ಮಾವನ ಮನೆಯ ಬಾಗಿಲು ತೆರೆದೇ ಇತ್ತು. ಆದರೆ "ಬನ್ನಿ" ಎನ್ನುವವರಿರಲಿಲ್ಲ. ಚಂದ್ರಶೇಖರಪ್ಪ ಕುರ್ಚಿ ತೋರಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತರು. ಹೂವಮ್ಮ ನಡುಮನೆಯಲ್ಲಿ ಬೆನ್ನು ತಿರುಗಿಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ದಾನೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು, ಹತ್ತಿರ ಬರಲಿಲ್ಲ. ಬಂದವರಿಗೆ ಒಂದು ಲೋಟ ನೀರು ಕೂಡ ಬರಲಿಲ್ಲ. ಆ ಮನೆಯಲ್ಲಿ ಭಿಕ್ಷೆಗೆ ಬಂದವರಿಗೂ ಮೊದಲು ನೀರು ಕೊಡುತ್ತಿದ್ದದ್ದು ಗಂಗಾಶ್ರೀಗೆ ಗೊತ್ತು.

ಗೋಡೆಯ ಗೂಡಿನಲ್ಲಿ, ಒಂದು ಬಟ್ಟಲಿನಲ್ಲಿ ಆ ಸಕ್ಕರೆ ಕಾಗೆ ಒಂಟಿಯಾಗಿ ಕೂತಿತ್ತು. ಬಿಸಾಡಲು ದೇವರ ಪ್ರಸಾದ, ತಿನ್ನಲು ಶನಿ. ಏನು ಮಾಡಬೇಕೆಂದು ಯಾರಿಗೂ ತಿಳಿದಿರಲಿಲ್ಲ.

ನಿರ್ಮಲಮ್ಮ ನಿಂತೇ ಮಾತಾಡಿದರು. "ತಪ್ಪಾತ್ರೀ. ನೋಡ್ದೆ ಹೊಯ್ದೆ. ಹುಡುಗಿ ಮ್ಯಾಲೆ ನಮಗೆ ಕೆಟ್ಟ ಮನಸಿಲ್ಲ."

ಹೂವಮ್ಮ ತಿರುಗಲಿಲ್ಲ. "ನಿಮ್ಮನ್ನ ನಾನು ಕೇಳ್ತಿಲ್ಲ ಅಮ್ಮ. ನಾನು ಕೇಳೋದು ನನ್ ಮೊಮ್ಮಗಳನ್ನ. ಎಂತಕೆ ಹಿಂಗೆ ಮಾಡ್ದೆ ಗಂಗಾ? ಅನ್ನ ಹಾಕಿದ ಮನೆಗೆ ಕಾಗೆ ಕಳಿಸ್ತಾರ?"

ಗಂಗಾಶ್ರೀ ಬಾಯಿ ತೆರೆಯುವ ಮೊದಲೇ ಶರಣ್ಯ ಮುಂದೆ ಬಂದಳು. "ಅಮ್ಮ ಅಲ್ಲ. ನಾನು ಇಟ್ಟಿದ್ದು. ಚಿಕ್ಕಮ್ಮ ನಮ್ಮನಿಗೆ ಬರ್ತಾಳಲ್ಲ, ಅದಕ್ಕೆ."

"ಅದಕ್ಕೆ ಕಾಗೆನ?"

"ಹೂಂ. ಟುಂಕುನಾಗೆ ಯಾರಾದ್ರೂ ಹೊಸಬ್ರು ಬರಾದಿದ್ರೆ ಕಾಗೆ ಮೊದ್ಲು ಬಂದು ಕೂಗ್ತತಿ. ಆಮ್ಯಾಲೆ ಎಲ್ರೂ ಬಾಗ್ಲಿಗೆ ಬರ್ತಾರೆ."

ಹೂವಮ್ಮನ ಕೈಯಲ್ಲಿನ ಅವರೆಕಾಯಿ ನಿಂತಿತು. "ಕಾರ್ಟೂನಿನ ಕಥೆ ಕಟ್ಕೊಂಡು ಸಂಸಾರ ಮಾಡಕ್ಕಾಗ್ತದ?" ಎಂದಳು, ಆದರೆ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ಆಗ ಗಂಗಾಶ್ರೀ ಅಜ್ಜಿಯ ಎದುರಿಗೆ ಹೋಗಿ ನೆಲಕ್ಕೆ ಕೂತಳು. ಅವಳ ಮಾತು ಅವಳಿಗೆ ತಿಳಿಯದೆಯೇ ಸೊರಬದ ಮಾತಿಗೆ ತಿರುಗಿತ್ತು.

"ಅಮ್ಮಮ್ಮ, ನಾನು ಸಣ್ಣೋಳಿದ್ದಾಗ ಹಿತ್ತಲಲ್ಲಿ ಕಾಗೆ ಕೂಗಿದ್ರೆ ನೀನೆಂತ ಹೇಳ್ತಿದ್ದೆ?"

ಹೂವಮ್ಮ ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡಳು.

"'ನೆಂಟರು ಬರ್ತಾರೆ ಕಣೇ, ನಿಮ್ಮಪ್ಪ ಬರ್ತಾನೆ, ಮುಖ ತೊಳಕೋ' ಅಂತಿದ್ದೆ. ತಲೆ ಬಾಚ್ತಿದ್ದೆ. ನಾನು ಕಟ್ಟೆ ಮೇಲೆ ಕಾಯ್ತಾ ಕೂರ್ತಿದ್ದೆ. ಆವಾಗ ಕಾಗೆ ಶನಿ ಆಗಿರಲಿಲ್ವಲ್ಲ ಅಮ್ಮಮ್ಮ."

"ನಿಮ್ಮಪ್ಪ ಬರ್ತಿರ್ಲಿಲ್ಲ," ಎಂದಳು ಹೂವಮ್ಮ ಮೆಲ್ಲಗೆ.

"ಬರ್ತಿರ್ಲಿಲ್ಲ. ಆದ್ರೂ ನಾನು ದಿನಾ ಕಾಗೇಗೆ ಅನ್ನ ಹಾಕ್ತಿದ್ದೆ. ಈಗ ನನ್ ಮಗಳು ಇಟ್ಟ ಕಾಗೆಗೆ ನೀನು ನನ್ನ ಹೊರಗೆ ನಿಲ್ಲಿಸ್ತೀಯ?"

ಗಂಗಾಶ್ರೀ ಅತ್ತಳು. ನಿರ್ಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಈ ಸೊಸೆ ಕಾಗೆ ಕೂಗಿದಾಗಲೆಲ್ಲ ಕೈಯಲ್ಲಿನ ಕೆಲಸ ಬಿಟ್ಟು ಬಾಗಿಲಿಗೆ ಹೋಗುವುದನ್ನು ಅವರು ಕಂಡಿದ್ದರು. ಸೋಮಾರಿತನ ಎಂದು ಬೈದೂ ಇದ್ದರು.

ದಾನೇಶ್ವರಿ ಅಡುಗೆಮನೆಯ ಬಾಗಿಲು ದಾಟಿ ಬಂದಳು. ಯಾರ ಮುಖವನ್ನೂ ನೋಡದೆ ಗೂಡಿನಿಂದ ಸಕ್ಕರೆ ಕಾಗೆಯನ್ನು ಎತ್ತಿಕೊಂಡು ಹೊಸಿಲಿಗೆ ಕುಟ್ಟಿದಳು. ಕಿರೀಟದ ತುಂಡನ್ನು ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದಳು.

"ಏಯ್!" ಎಂದು ಚಂದ್ರಶೇಖರಪ್ಪ ಎದ್ದರು.

"ಸಿಹಿಯಾಗೇ ಇದೆ ಅಪ್ಪಯ್ಯ," ಎಂದಳು ದಾನೇಶ್ವರಿ. "ಹೋಗೋಳು ನಾನು. ಶನಿ ಹಿಡಿಯೋದಾದ್ರೆ ನನ್ನೇ ಹಿಡೀಲಿ."

ಹೂವಮ್ಮ ಮೊಮ್ಮಕ್ಕಳಿಬ್ಬರನ್ನೂ ಮರಿಮಗಳನ್ನೂ ಒಂದು ಸಲ ನೋಡಿದಳು. ಆಮೇಲೆ ಮಡಿಲಲ್ಲಿದ್ದ ಅವರೆ ಸಿಪ್ಪೆ ಕೊಡವಿ, ಮಗನ ಮೇಲೆ ರೇಗಿದಳು. "ಎಂತ ನೋಡ್ತೀಯ ನಿಂತ್ಕೊಂಡು? ಕಾಗೆ ಕೂಗಿತ್ತು, ನೆಂಟರು ಬಂದಾರೆ. ಬಾಯಿ ಒಣಗಿಸ್ಕೊಂಡು ಕೂರ್ಬೇಕ ಅವರು? ನೀರು ಕೊಡ್ರೋ."

ನೀರು ಬಂತು, ಬೆಲ್ಲ ಬಂತು. ಚಂದ್ರಶೇಖರಪ್ಪನವರ ಮುಖ ಸಡಿಲವಾಗಲು ಊಟ ಮುಗಿಯಬೇಕಾಯಿತು. ಹೊರಡುವಾಗ ಹೂವಮ್ಮ ಆರತಿಯ ತಟ್ಟೆಯನ್ನು ಖಾಲಿ ಕಳಿಸಬಾರದೆಂದು ಅಕ್ಕಿ, ಕಾಯಿ, ಕುಪ್ಪಸದ ಕಣ ತುಂಬಿ ಗಂಗಾಶ್ರೀಯ ಕೈಗೆ ಕೊಟ್ಟಳು. ಕೊಡುವಾಗ ಅವಳ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡಳು.

ಮನೆಗೆ ಬಂದಾಗ ಚನ್ನೇಶ ಕಟ್ಟೆಯ ಮೇಲೆ ಕೂತಿದ್ದ. ತಟ್ಟೆ ತುಂಬಿರುವುದು ಕಂಡು ಎದ್ದು ನಿಂತ. ಶರಣ್ಯ ಲಂಗದ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಅವನ ಮುಂದೆ ಹಿಡಿದಳು. ಅದರೊಳಗೆ ಕಾಗೆಯ ರೆಕ್ಕೆಯ ಚೂರಿತ್ತು.

"ತಿನ್ರಿ ಅಪ್ಪಾಜಿ. ಒಳ್ಳೇದೇ ಅದು."

ಚನ್ನೇಶ ತಿಂದ. ಮಗಳ ಕೆನ್ನೆ ಮುಟ್ಟಿ, "ಇನ್ನು ಯಾವತ್ತೂ ಇಲ್ಲವ್ವ" ಎಂದ.

ಒಳಗೆ ನಿರ್ಮಲಮ್ಮ ಒಣಗಿದ ಅಚ್ಚುಗಳಿಗೆ ದಾರ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು. ಆನೆ, ಕುದುರೆ, ತುಳಸಿಕಟ್ಟೆ, ಬಸ್ಸು. ಬಸ್ಸಿನ ಪಕ್ಕ ಜಾಗ ಮಾಡಿ ಟುಂಕುವಿನ ಪ್ಲಾಸ್ಟರ್ ಅಚ್ಚನ್ನು ಇಟ್ಟರು. ಡಬ್ಬಿ ಗುಜರಿಗೆ ಹೋದ ಮೇಲೆ ಟುಂಕು ಅಂತ ಮನೆಯಲ್ಲಿ ಉಳಿದಿದ್ದದ್ದು ಅದೊಂದೇ. ಬಾಗಿಲಲ್ಲಿ ನಿಂತ ಚನ್ನೇಶ ಅದನ್ನು ನೋಡಿದ.

"ಪ್ಲಾಸ್ಟರು ಭಾಳ ದಿನ ಬಾಳಲ್ಲವ್ವ. ಒಡೀತತಿ."

"ಗೊತ್ತೈತಿ. ಬಡಗಿ ಪರಶುರಾಮಗೆ ಹೇಳೀನಿ. ಸಾಗುವಾನಿ ತುಂಡು ಸಿಕ್ರೆ ಇದನ್ನ ನೋಡ್ಕಂಡು ಕೆತ್ತಿ ಕೊಡ್ತಾನಂತೆ."

ಡಬ್ಬಿ ಎಸೆದ ದಿನ ಅಳದ ಚನ್ನೇಶ ಈಗ ಮುಖ ತಿರುಗಿಸಿಕೊಂಡ. ಗಂಗಾಶ್ರೀ ನೋಡದವಳಂತೆ ಅಕ್ಕಿಯನ್ನು ಡಬ್ಬಕ್ಕೆ ಸುರಿದಳು.

"ಅಜ್ಜಿ, ಇದು?" ಶರಣ್ಯ ಕಾಗೆಯ ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಹಿಂದುಮುಂದು ನೋಡುತ್ತಿದ್ದಳು.

ನಿರ್ಮಲಮ್ಮ ಅದನ್ನು ತೆಗೆದುಕೊಂಡು ಒಂದು ಗಳಿಗೆ ಯೋಚಿಸಿದರು. ಮಂಡಿ ಹಿಡಿದು ನಿಟ್ಟುಸಿರು ಬಿಟ್ಟು, ಅದಕ್ಕೂ ದಾರ ಸುತ್ತಿದರು.

"ಇರ್ಲಿ ಬಿಡು, ಪೆಟ್ಟಿಗಿಯಾಗೇ ಇರ್ಲಿ. ಕಾಗೆ ಕೂಗದಿದ್ರೆ ನಿಮ್ಮಮ್ಮನ ತವರಿನವರು ಬರಾದು ನಮಗ ಹೆಂಗ ಗೊತ್ತಾಗ್ಬೇಕು?"